ಕೊಲೆಗಾರರಿಗೂ ಕ್ರಮಾಂಕವೇ?

ಇವನು ಅವನನ್ನು ಕೊಲ್ಲಬಲ್ಲನೇ? ಕೊಲ್ಲಬಲ್ಲನಾದರೆ ಎಷ್ಟು ಹೊತ್ತಿನಲ್ಲಿ, ಯಾವ ಆಯುಧದಿಂದ? ಮೂವರು ಒಟ್ಟಾಗಿ ಬಂದರೆ ಏನಾದೀತು? ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ಸೋಸಿದ ನೀರು ಕುಡಿದು, ಕೈ ಒರೆಸಿಕೊಂಡು ಎದ್ದ ಶ್ರಾವಕರ ಮಕ್ಕಳು ಪಡಸಾಲೆಯಲ್ಲಿ ಕುಳಿತು ಇಂದು ಇಂಥ ಪ್ರಶ್ನೆಗಳನ್ನು ಚರ್ಚಿಸುತ್ತಿದ್ದಾರೆ. ಚರ್ಚೆ ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಒಂದು, ಎರಡು, ಮೂರು ಎಂದು ಪಟ್ಟಿಯಾಗಿ ಇಳಿಯುತ್ತದೆ. ಇರುವೆ ತುಳಿದೀತೆಂದು ನೆಲ ನೋಡಿ ನಡೆಯಲು ಕಲಿಸಿದ ಮನೆಯಲ್ಲಿ ಬಾಡಿಗೆ ಕೊಲೆಗಾರರಿಗೆ ಕ್ರಮಾಂಕ ಕೊಡುವ ಕಾರ್ಯ ನಿರಾತಂಕವಾಗಿ ಸಾಗಿದೆ.

ಇದಕ್ಕೆ ಆಧಾರವಾಗಿರುವುದು ಜಪಾನಿನ ಚಿತ್ರಕಥೆಗಳು. ಆ ಭಾಷೆಯಲ್ಲಿ ಅವಕ್ಕೆ ಮಾಂಗಾ ಎಂದು ಹೆಸರು. ಹೆಸರು ಕೇಳಿದೊಡನೆ ಹಿರಿಯರು ನಕ್ಕು, ಮಂಗನಾಟವೆಂದು ತಳ್ಳಿಹಾಕಿ ಸುಮ್ಮನಾಗುವುದುಂಟು. ಅದೊಂದು ತಪ್ಪು. ತಳ್ಳಿಹಾಕಿದ ವಸ್ತುವನ್ನು ಓದಿದವರು ಕಡಿಮೆ. ಓದದೆ ಖಂಡಿಸಿದ ಮಾತಿಗೆ ಮಕ್ಕಳಲ್ಲಿ ಬೆಲೆಯಿಲ್ಲ. ಆದುದರಿಂದ ವಾದಕ್ಕೆ ಮೊದಲು ವಿಷಯವನ್ನು ಸರಿಯಾಗಿ ನೋಡುವುದು ಉಚಿತ.

ಈ ಪಟ್ಟಿಗಳಲ್ಲಿ ಇಂದು ಹೆಚ್ಚಾಗಿ ಕಾಣುವ ಕಥೆಗಳಲ್ಲಿ ಒಂದು ‘ಸಕಾಮೊಟೋ ಡೇಸ್’. ಯೂತೋ ಸುಜುಕಿ ಎಂಬ ಚಿತ್ರಕಾರನ ಈ ಕೃತಿ 2020ರ ನವೆಂಬರ್‌ನಲ್ಲಿ ಷೂಏಷಾ ಸಂಸ್ಥೆಯ ‘ವೀಕ್ಲಿ ಷೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಆರಂಭವಾಯಿತು. 2025ರ ಜನವರಿಯಲ್ಲಿ ಚಲಿಸುವ ಚಿತ್ರಮಾಲಿಕೆಯಾಗಿ ನೆಟ್‌ಫ್ಲಿಕ್ಸ್ ಮೂಲಕ ಭಾರತದ ಮನೆಗಳಿಗೂ ಬಂದಿತು. ನಾಯಕ ತಾರೋ ಸಕಾಮೊಟೋ ಒಂದು ಕಾಲಕ್ಕೆ ಬಾಡಿಗೆ ಕೊಲೆಗಾರರಲ್ಲಿ ಅಗ್ರಗಣ್ಯ. ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ ಆಓಯ್ ಎಂಬ ಹೆಣ್ಣುಮಗಳನ್ನು ಕಂಡು ಮೆಚ್ಚಿ, ವೃತ್ತಿಯನ್ನು ಬಿಟ್ಟು, ಅವಳನ್ನು ವಿವಾಹವಾಗಿ, ಹಾನಾ ಎಂಬ ಮಗಳ ತಂದೆಯಾಗಿ, ಮೈ ಬೆಳೆಸಿಕೊಂಡು, ಒಂದು ಸಣ್ಣ ಊರಿನ ಮೂಲೆಯಲ್ಲಿ ದಿನಬಳಕೆಯ ಸಾಮಾನಿನ ಅಂಗಡಿ ನಡೆಸುತ್ತಾನೆ. ಆ ಮನೆಗೆ ಒಂದು ಕಟ್ಟಳೆಯಿದೆ: ಯಾರನ್ನೂ ಕೊಲ್ಲಕೂಡದು. ಹೆಂಡತಿ ಹಾಕಿದ ಕಟ್ಟಳೆ, ಗಂಡ ಒಪ್ಪಿದ ಕಟ್ಟಳೆ. ಹಳೆಯ ಕಸುಬಿನವರು ಅವನ ತಲೆಗೆ ನೂರು ಕೋಟಿ ಯೆನ್ ಬೆಲೆ ಕಟ್ಟಿ ಬೆನ್ನಟ್ಟುತ್ತಾರೆ. ಅವನು ಅಂಗಡಿಯನ್ನೂ ಸಂಸಾರವನ್ನೂ ಉಳಿಸಿಕೊಳ್ಳಬೇಕು, ಕಟ್ಟಳೆಯನ್ನೂ ಉಳಿಸಿಕೊಳ್ಳಬೇಕು. ಕಥೆಯ ಬೀಜ ಇಷ್ಟು.

ಬೀಜದ ಸುತ್ತ ಬೆಳೆದ ಮರ ದೊಡ್ಡದು. ಆ ಕಲ್ಪಿತ ಜಪಾನಿನಲ್ಲಿ ಕೊಲೆ ಒಂದು ಉದ್ಯಮ. ಅದಕ್ಕೊಂದು ಸಂಘ, ಸಂಘಕ್ಕೆ ನಿಯಮಾವಳಿ, ಹೊಸಬರನ್ನು ತಯಾರು ಮಾಡಲು ಒಂದು ವಿದ್ಯಾಲಯ, ಎಲ್ಲರ ಮೇಲೆ ‘ಆರ್ಡರ್’ ಎಂಬ ಆಯ್ದವರ ತುಕಡಿ. ಆ ತುಕಡಿಯಲ್ಲಿ ಸುತ್ತಿಗೆ ಹಿಡಿದ ಷಿಷಿಬಾ, ತಿರುಗುವ ಗರಗಸ ಹೊತ್ತ ಓಸರಾಗಿ ಎಂಬ ಯುವತಿ, ಕ್ಷಣಕ್ಕೊಂದು ವೇಷ ತೊಡುವ ನಾಗುಮೊ, ಬಾಯಲ್ಲೇ ಏನನ್ನೋ ಗೊಣಗುತ್ತ ಕತ್ತಿ ಬೀಸುವ ಮುದುಕ ತಾಕಾಮುರಾ ಮೊದಲಾದವರಿದ್ದಾರೆ. ಹದಿನೈದು ಖರಕರ್ಮಗಳನ್ನು ಶ್ರಾವಕನಿಗೆ ನಿಷೇಧಿಸಿದ ಆಚಾರ್ಯರು ಇದ್ದಿಲು ಸುಡುವ, ಕಾಡು ಕಡಿಯುವ, ವಿಷ ಮಾರುವ ವ್ಯಾಪಾರಗಳನ್ನು ಎಣಿಸಿದರು. ಕೊಲೆಯೇ ವ್ಯಾಪಾರವಾಗಿ, ಅದಕ್ಕೆ ಸಂಘ ಸಂಸ್ಥೆಗಳಿರುವ ಲೋಕವನ್ನು ಎಣಿಸುವ ಅಗತ್ಯ ಅವರಿಗೆ ಬೀಳಲಿಲ್ಲ. ಚಿತ್ರಕಾರ ಇದನ್ನು ಬಹುಮಟ್ಟಿಗೆ ವಿಡಂಬನೆಯಾಗಿ ಬರೆದಿದ್ದಾನೆ ಎಂಬುದನ್ನೂ ಹೇಳಬೇಕು. ಎಲ್ಲದಕ್ಕೂ ಸಂಘ, ಎಲ್ಲದಕ್ಕೂ ಶ್ರೇಣಿ, ಎಲ್ಲದಕ್ಕೂ ಪದೋನ್ನತಿ ಇರುವ ಆಧುನಿಕ ಕಚೇರಿಯ ಬದುಕನ್ನೇ ಅವನು ಕೊಲೆಗಾರರ ಮೇಲೆ ಹೊದಿಸಿ ನಗಿಸುತ್ತಾನೆ.

ಓದುಗ ಆ ನಗೆಯನ್ನು ಬಿಟ್ಟು ಶ್ರೇಣಿಯನ್ನು ಮಾತ್ರ ಹಿಡಿದುಕೊಂಡದ್ದು ವಿಷಾದದ ಸಂಗತಿ. ತಾಕಾಮುರಾ ಮೊದಲೋ ಸಕಾಮೊಟೋ ಮೊದಲೋ, ನಾಗುಮೊ ಮೂರನೆಯವನೋ ನಾಲ್ಕನೆಯವನೋ ಎಂಬ ಜಗಳಕ್ಕೆ ಕೊನೆಯಿಲ್ಲ. ಸಕಾಮೊಟೋ ಹೋರಾಟದ ಬಿಸಿಯಲ್ಲಿ ಬೊಜ್ಜು ಕರಗಿ ತೆಳ್ಳಗಾಗುವ ಸನ್ನಿವೇಶಗಳು ಕಥೆಯಲ್ಲಿವೆ. ಆದುದರಿಂದ ದಪ್ಪ ಸಕಾಮೊಟೋಗೆ ಒಂದು ಸ್ಥಾನ, ತೆಳು ಸಕಾಮೊಟೋಗೆ ಮತ್ತೊಂದು ಸ್ಥಾನ! ಒಬ್ಬನೇ ಮನುಷ್ಯನನ್ನು ಎರಡು ಖಾತೆಯಲ್ಲಿ ಬರೆಯುವ ಈ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

“ಕಾಗದದ ಮೇಲಿನ ಮಸಿ, ಅದರಲ್ಲಿ ಯಾವ ಜೀವ ಹೋಯಿತು?” ಎಂಬುದು ಮಕ್ಕಳ ಮೊದಲ ಪ್ರಶ್ನೆ. ಪ್ರಶ್ನೆ ಯೋಗ್ಯವಾದುದೇ. ದ್ರವ್ಯಹಿಂಸೆ ಇಲ್ಲಿಲ್ಲ ಎಂಬುದು ನಿರ್ವಿವಾದ. ಭಾವಹಿಂಸೆ ಇದೆಯೇ ಎಂಬುದೇ ವಿಚಾರ.

ಜನ್ನನ ‘ಯಶೋಧರ ಚರಿತೆ’ ಈ ಪ್ರಶ್ನೆಗೆ 1209ರಷ್ಟು ಹಿಂದೆಯೇ ಮೈಯೊಡ್ಡಿದ ಕಾವ್ಯ. ಯಶೋಧರ ರಾಜನು ಪ್ರಾಣಿಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವತೆಗೆ ಕಡಿದನು. ಅದರಲ್ಲಿ ಬೆಂತರವೊಂದು ಸೇರಿಕೊಂಡಿತ್ತು. ಕತ್ತಿ ತಾಗಿದೊಡನೆ ಕೋಳಿ ಕೂಗಿತು. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಕ್ಕಳಿಬ್ಬರೂ ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ತೊಳಲಿದರು. ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ. ಕಡಿದವನ ಮನಸ್ಸಿನಲ್ಲಿ ಕೋಳಿ ಇದ್ದಿತು.

ಇಲ್ಲಿ ಅವಸರ ಸಲ್ಲದು. ಬಸದಿಯ ಜಗಲಿಯಲ್ಲಿ ಕುಳಿತು, ಹಿಟ್ಟಿನ ಕೋಳಿಗೆ ಅಷ್ಟು ಜನ್ಮವಾದರೆ ಚಿತ್ರಕಥೆ ಓದಿದ ಹುಡುಗನಿಗೆ ಎಷ್ಟು ಎಂದು ಹೆದರಿಸುವವರಿದ್ದಾರೆ. ಹೋಲಿಕೆ ಅಷ್ಟು ಸರಳವಲ್ಲ. ಯಶೋಧರನಿಗೆ ಕಡಿಯುವ ಸಂಕಲ್ಪವಿತ್ತು. ಕಥೆ ಓದುವವನಿಗೆ ಅದು ಇರಬೇಕಾಗಿಲ್ಲ. ಹಿಂಸೆಯ ವರ್ಣನೆ ಓದಿದ ಮಾತ್ರಕ್ಕೆ ಪಾಪವೆಂದರೆ ಮೊದಲು ಮುಚ್ಚಿಡಬೇಕಾದ ಗ್ರಂಥ ‘ಯಶೋಧರ ಚರಿತೆ’ಯೇ ಆದೀತು, ಅನಂತರ ರನ್ನನ ‘ಗದಾಯುದ್ಧ’. ಓದುವುದು ಒಂದು ಕ್ರಿಯೆ, ಪಟ್ಟಿ ಕಟ್ಟುವುದು ಬೇರೆಯೇ ಒಂದು ಕ್ರಿಯೆ. ಈ ಭೇದವನ್ನು ಬಿಟ್ಟರೆ ವಾದವೇ ಕುಸಿಯುತ್ತದೆ.

ಭೇದವೇನೆಂದರೆ, ಓದುಗ ಚಿತ್ರಕಾರ ತೋರಿಸಿದ್ದನ್ನು ನೋಡುತ್ತಾನೆ. ಅಲ್ಲಿ ಒಬ್ಬ ಬಿದ್ದರೆ ಅವನನ್ನು ಬೀಳಿಸಿದವನು ಚಿತ್ರಕಾರ. ಕ್ರಮಾಂಕ ಕೊಡುವವನು ಮಾಡುವುದು ಬೇರೆ. ಕಥೆಯಲ್ಲಿ ಎಂದೂ ಎದುರಾಗದ ಇಬ್ಬರನ್ನು, ಅಥವಾ ಎದುರಾದರೂ ಕೊಲ್ಲದೆ ಬೇರ್ಪಟ್ಟ ಇಬ್ಬರನ್ನು, ಅವನು ತನ್ನ ಮನಸ್ಸಿನಲ್ಲಿ ಎದುರು ನಿಲ್ಲಿಸುತ್ತಾನೆ; ಯಾವ ಅಂಗಕ್ಕೆ ಪೆಟ್ಟು ಬೀಳಬೇಕು, ಯಾರು ಮೊದಲು ಉರುಳಬೇಕು ಎಂದು ತಾನೇ ನಿರ್ಣಯಿಸುತ್ತಾನೆ; ಒಬ್ಬನನ್ನು ತಾನೇ ಕೊಂದು, ಇನ್ನೊಬ್ಬನಿಗೆ ಮೇಲಿನ ಸಾಲು ಕೊಡುತ್ತಾನೆ. ಹತ್ತು ಹೆಸರಿನ ಪಟ್ಟಿಯಾದರೆ ಜೋಡಿ ಜೋಡಿಯಾಗಿ ನಲವತ್ತೈದು ಕಾಳಗ. ಈ ನಲವತ್ತೈದರಲ್ಲಿ ಚಿತ್ರಕಾರ ಬರೆದದ್ದು ಬೆರಳೆಣಿಕೆಯಷ್ಟು. ಉಳಿದವು ಓದುಗನ ಸ್ವಂತ ಸಂಕಲ್ಪ. ಹಿಟ್ಟನ್ನು ನಾದಿದವನೂ ಅವನೇ, ಕತ್ತಿ ಎತ್ತಿದವನೂ ಅವನೇ.

ತತ್ತ್ವಾರ್ಥಸೂತ್ರಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅನರ್ಥದಂಡದ ಐದು ಬಗೆಗಳನ್ನು ವಿವರಿಸುವಾಗ ಅಪಧ್ಯಾನಕ್ಕೆ ಕೊಟ್ಟ ಲಕ್ಷಣ ಇಲ್ಲಿ ಸ್ಮರಣೀಯ. ಪರರಿಗೆ ಜಯವೋ ಪರಾಜಯವೋ, ವಧೆಯೋ ಬಂಧನವೋ ಅಂಗಚ್ಛೇದವೋ ಹೇಗೆ ಆದೀತೆಂದು ಮನಸ್ಸಿನಲ್ಲಿ ಚಿಂತಿಸುವುದೇ ಅಪಧ್ಯಾನ ಎಂಬುದು ಅದರ ತಾತ್ಪರ್ಯ. ವಧೆಗೆ ಮೊದಲು ಅವರು ಜಯ ಪರಾಜಯಗಳನ್ನೇ ಇಟ್ಟರೆಂಬುದನ್ನು ಗಮನಿಸಬೇಕು. ಯಾರು ಗೆಲ್ಲುವರು ಎಂಬ ನಿರುಪದ್ರವಿಯಂತೆ ತೋರುವ ಚಿಂತೆಯಿಂದಲೇ ಅಂಗಚ್ಛೇದದ ಚಿಂತೆಗೆ ಹಾದಿ. ಪಟ್ಟಿ ಕಟ್ಟುವ ಹುಡುಗರ ಮಾತನ್ನು ಕಾಲು ಗಂಟೆ ಆಲಿಸಿದವರಿಗೆ ಈ ಕ್ರಮ ಸೂತ್ರದಂತೆ ಸರಿಯಾಗಿ ಕಾಣುತ್ತದೆ. ಇದಕ್ಕೆ ಅನರ್ಥವೆಂಬ ಹೆಸರೂ ಸಾರ್ಥಕ: ಇದರಿಂದ ಯಾರಿಗೂ ಕಾಸಿನ ಪ್ರಯೋಜನವಿಲ್ಲ. ಕೃಷಿಯಲ್ಲಿ ಆರಂಭೀ ಹಿಂಸೆ, ವ್ಯವಹಾರದಲ್ಲಿ ಉದ್ಯೋಗೀ ಹಿಂಸೆ ಅನಿವಾರ್ಯವೆಂದು ಗೃಹಸ್ಥನಿಗೆ ರಿಯಾಯಿತಿ ಇದೆ; ಹೊಟ್ಟೆಯೂ ತುಂಬದ, ಮಾನವೂ ಉಳಿಯದ ಹಿಂಸೆಗೆ ಯಾವ ರಿಯಾಯಿತಿ?

ಎರಡನೆಯ ಆಕ್ಷೇಪ ಬಲವಾದುದು. ಜೈನರಿಗೂ ವೀರರ ಪಟ್ಟಿ ಇಲ್ಲವೇ? ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಸಮರಪರಶುರಾಮ, ವೀರಮಾರ್ತಂಡ, ರಣರಂಗಸಿಂಗ ಎಂಬ ಅವನ ಬಿರುದುಗಳು ಪೂಜೆ ಮಾಡಿ ಬಂದವಲ್ಲ, ರಣರಂಗದಿಂದ ಬಂದವು. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆ ಬಿರುದುಗಳ ಜೊತೆಗೇ ಸಮ್ಯಕ್ತ್ವರತ್ನಾಕರ, ಸತ್ಯಯುಧಿಷ್ಠಿರ ಎಂಬ ಬಿರುದುಗಳೂ ಅವನಿಗಿದ್ದವು ಎಂದು ಹೇಳಿ ಜಾರಿಕೊಳ್ಳುವುದೂ ಸಾಲದು. ರಾಜ್ಯರಕ್ಷಣೆಯ ಹೊಣೆ ಹೊತ್ತವನ ವಿರೋಧೀ ಹಿಂಸೆಯೂ ಹಣಕ್ಕೆ ಕೊಲ್ಲುವವನ ಸಂಕಲ್ಪೀ ಹಿಂಸೆಯೂ ಒಂದಲ್ಲ ಎಂಬುದು ನಿಜ. ಆದರೂ ಯುದ್ಧದಲ್ಲಿ ಸತ್ತವರಿಗೆ ಆ ವ್ಯತ್ಯಾಸದಿಂದ ಏನಾಯಿತು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಉತ್ತರವಿರುವುದು ಚಾವುಂಡರಾಯ ಯಾರ ಮೂರ್ತಿಯನ್ನು ಕಡೆಯಿಸಿದನೆಂಬುದರಲ್ಲಿ. ಜಿನಸೇನಾಚಾರ್ಯರ ಮಹಾಪುರಾಣ, ಪಂಪನ 941ರ ಆದಿಪುರಾಣ, ಎರಡರಲ್ಲಿಯೂ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಅಡ್ಡಬಂದು, ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರೇಕೆ ಸಾಯಬೇಕೆಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ಮೂರು ಪರೀಕ್ಷೆಗಳು ಗೊತ್ತಾದವು. ಕ್ರಮಾಂಕ ಕೊಡುವ ಅಭಿರುಚಿಯವರಿಗೆ ಇದಕ್ಕಿಂತ ಒಳ್ಳೆಯ ಪಂದ್ಯ ದೊರಕದು: ಇಬ್ಬರೇ ಸ್ಪರ್ಧಿಗಳು, ಮೂರು ಸುತ್ತು, ಸಂದೇಹವಿಲ್ಲದ ಫಲಿತಾಂಶ. ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮಲ್ಲಯುದ್ಧದಲ್ಲಿ ಚಕ್ರವರ್ತಿಯನ್ನು ಮೇಲೆತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತ ಬಿಟ್ಟ ಚಕ್ರರತ್ನವೂ ಬಾಹುಬಲಿಯನ್ನು ಬಲವಂದು ಸುಮ್ಮನೆ ನಿಂತಿತು. ಮೊದಲ ಸ್ಥಾನ ನಿಶ್ಚಯವಾದ ಆ ಗಳಿಗೆಯಲ್ಲಿಯೇ ಮೊದಲನೆಯವನು ಪಟ್ಟಿಯಿಂದಲೇ ಹೊರನಡೆದು ಕಾಡಿಗೆ ಹೋದನು. ಬೆಟ್ಟದ ಮೇಲೆ ಕಲ್ಲಾಗಿ ನಿಂತಿರುವುದು ಮಲ್ಲನಲ್ಲ, ಮಲ್ಲತನವನ್ನು ಬಿಟ್ಟವನು.

ಆಶ್ಚರ್ಯವೆಂದರೆ ಜಪಾನಿನ ಆ ಚಿತ್ರಕಾರನೂ, ಬಹುಶಃ ಬಾಹುಬಲಿಯ ಹೆಸರನ್ನೇ ಕೇಳದವನು, ತನ್ನ ಕಥೆಯನ್ನು ಇಂಥದೇ ಜಾಗದಿಂದ ಆರಂಭಿಸಿದ್ದಾನೆ. ಅಗ್ರಸ್ಥಾನದಲ್ಲಿದ್ದವನು ಅಗ್ರಸ್ಥಾನ ಬಿಟ್ಟುಹೋದ ಮೇಲಿನ ಕಥೆ ಅದು. ಅವನು ಹೋದದ್ದು ಕಾಡಿಗಲ್ಲ, ಅಂಗಡಿಗೆ. ಮಹಾವ್ರತಕ್ಕಲ್ಲ, ಒಂದು ಬಗೆಯ ಅಣುವ್ರತಕ್ಕೆ. ಇದು ಮೊದಲ ಸಲವೂ ಅಲ್ಲ. 1994ರಿಂದ 1999ರವರೆಗೆ ಅದೇ ವಾರಪತ್ರಿಕೆಯಲ್ಲಿ ಬಂದ ನೊಬುಹಿರೊ ವಾತ್ಸುಕಿಯ ‘ರುರೋನಿ ಕೆನ್ಶಿನ್’ ಕಥೆಯ ನಾಯಕ ಹಿಂದೆ ಕೊಲೆಗಾರನಾಗಿದ್ದು, ಇನ್ನು ಕೊಲ್ಲುವುದಿಲ್ಲವೆಂದು ಪಣತೊಟ್ಟು, ಅಲಗು ತಿರುಗಮುರುಗಾದ ಕತ್ತಿಯನ್ನು ಹಿಡಿದು ಅಲೆಯುತ್ತಾನೆ.

ಆ ದೇಶದಲ್ಲಿ ನಿಜವಾದ ಕೊಲೆಗಾರರಿಗೂ ಪಟ್ಟಿಯಿತ್ತು. ಶೋಗುನರ ಆಳ್ವಿಕೆ ಕುಸಿಯುತ್ತಿದ್ದ ಕಾಲದ ನಾಲ್ವರು ಹಿತೊಕಿರಿಗಳೆಂದು ನಾಲ್ಕು ಹೆಸರುಗಳನ್ನು ಇಂದಿಗೂ ಒಟ್ಟಿಗೆ ಹೇಳುತ್ತಾರೆ. ತನಾಕಾ ಷಿಂಬೆ 1863ರಲ್ಲಿ ವಿಚಾರಣೆಯ ವೇಳೆ ಆತ್ಮಹತ್ಯೆ ಮಾಡಿಕೊಂಡ. ಓಕಾಡಾ ಇಜೊನ ತಲೆಯನ್ನು 1865ರಲ್ಲಿ ಕಡಿಯಲಾಯಿತು. ಕವಾಕಾಮಿ ಗೆನ್ಸಾಯ್ ಹೊಸ ಸರಕಾರದಿಂದಲೇ ಮರಣದಂಡನೆಗೆ ಗುರಿಯಾದ. ಕಿರಿನೊ ತೋಶಿಯಾಕಿ 1877ರ ಸತ್ಸುಮಾ ದಂಗೆಯಲ್ಲಿ ಮಡಿದ. ನಾಲ್ವರಲ್ಲಿ ಯಾರು ಬಲಶಾಲಿ ಎಂದು ವಾದಿಸುವವರು ಈ ಕೊನೆಯ ಕಾಲಮ್ಮನ್ನು ತುಂಬುವುದಿಲ್ಲ.

ಪಟ್ಟಿಗಳ ದೊಡ್ಡ ದೋಷ ಇಲ್ಲಿಯೇ ಇದೆ. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು: ಕೊಳ್ಳುವಾಗ ಒಂದು ತೂಕ, ಕೊಡುವಾಗ ಒಂದು ತೂಕ. ಸಕಾಮೊಟೋ ಎದುರು ನಿಂತವನಿಗೆ ಎಲ್ಲವೂ ಅನುಮತ, ಕೊಂದರೆ ಮುಗಿಯಿತು. ಸಕಾಮೊಟೋಗೆ ಗೆಲ್ಲಬೇಕು, ಎದುರಾಳಿ ಬದುಕಿರಬೇಕು, ಹೆಂಡತಿ ಮಗಳಿಗೆ ಅಪಾಯವಾಗಬಾರದು, ಸಾಧ್ಯವಾದರೆ ಅಂಗಡಿಯ ಸಾಮಾನೂ ಹಾಳಾಗಬಾರದು. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿಟ್ಟು, ಒಬ್ಬನ ಕಡೆಯ ವ್ರತದ ಭಾರವನ್ನು ಎಣಿಸದೆ ತೂಗುವವನು ಕಳ್ಳತಕ್ಕಡಿ ಹಿಡಿದ ವರ್ತಕನಿಗಿಂತ ಹೇಗೆ ಮೇಲು? ಕಥೆಯಲ್ಲಿ ಶಕ್ತಿಯೆಂದರೆ ಏನೆಂದು ಚಿತ್ರಕಾರ ಅಧ್ಯಾಯ ಅಧ್ಯಾಯಕ್ಕೂ ತೋರಿಸುತ್ತಿರುವಾಗ ಅದನ್ನೇ ಸೊನ್ನೆಯೆಂದು ಬರೆದುಕೊಳ್ಳುವುದು ಧರ್ಮದೃಷ್ಟಿಯಿಂದ ಮಾತ್ರವಲ್ಲ, ಓದಿನ ದೃಷ್ಟಿಯಿಂದಲೂ ಅಪರಾಧ.

ಹಾಗೆಂದು ಸಕಾಮೊಟೋವನ್ನು ಆದರ್ಶ ಶ್ರಾವಕನೆಂದು ಪಾಠಶಾಲೆಯ ಗೋಡೆಗೆ ಅಂಟಿಸುವ ಅಗತ್ಯವಿಲ್ಲ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು ಅತಿಚಾರಗಳಿವೆ. ಇಲ್ಲಿ ವಧವೆಂದರೆ ಹೊಡೆಯುವುದು. ಕಟ್ಟಿಹಾಕುವುದು, ಹೊಡೆಯುವುದು, ಮೂಳೆ ಮುರಿಯುವುದು ಅವನಿಗೆ ನಿತ್ಯಕರ್ಮ. ಮನೆಯವರ ರಕ್ಷಣೆಗಾಗಿ ಎಂಬ ವಿನಾಯಿತಿ ಎಷ್ಟು ದೂರ ಸಲ್ಲುತ್ತದೆಂಬುದು ಬೇರೆ ಚರ್ಚೆ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಮತ್ತೊಂದಿದೆ. ಅವನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಷಿನ್ ಎಂಬ ತರುಣನಿಗೆ ಇತರರ ಮನಸ್ಸನ್ನು ಓದುವ ಶಕ್ತಿಯಿದೆ. ಮೊದಲು ಇವನೂ ಸಕಾಮೊಟೋವನ್ನು ಕೊಲ್ಲಲು ಬಂದವನೇ. ಆ ಮನೆಯ ಅನ್ನ ಅವನನ್ನು ಬದಲಾಯಿಸಿತು. ಮಿತಭಾಷಿಯಾದ ಸಕಾಮೊಟೋ ಸಿಟ್ಟು ಬಂದಾಗ ಏನನ್ನೂ ಆಡುವುದಿಲ್ಲ, ಕೈಯನ್ನೂ ಎತ್ತುವುದಿಲ್ಲ. ಮನಸ್ಸಿನಲ್ಲಿ ಮಾತ್ರ ಷಿನ್‌ನನ್ನು ಕೊಂದುಬಿಡುತ್ತಾನೆ. ಪಾಪದ ಹುಡುಗ ತನ್ನ ಸಾವನ್ನು ಒಡೆಯನ ತಲೆಯೊಳಗೆ ಕಂಡು ಬೆಚ್ಚುತ್ತಾನೆ. ಚಿತ್ರಕಾರ ಇದನ್ನು ನಗೆಗಾಗಿಯೇ ಬರೆದನು. ಆದರೆ ಕಷಾಯದ ಉದಯವೇ ಹಿಂಸೆ, ಪ್ರಾಣ ಹೋಗಲಿ ಹೋಗದಿರಲಿ, ಎಂದು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ನಿರೂಪಿಸಿದ ಅಮೃತಚಂದ್ರಸೂರಿಗಳ ಮಾತಿಗೆ ಇದಕ್ಕಿಂತ ಸುಲಭವಾದ ದೃಷ್ಟಾಂತವನ್ನು ಪಾಠಶಾಲೆಯ ಯಾವ ಪುಸ್ತಕವೂ ಒದಗಿಸಿಲ್ಲ. ಹೊರಗೆ ವ್ರತ ಉಳಿಯಿತು, ಒಳಗೆ ಉಳಿಯಲಿಲ್ಲ; ಸಾಕ್ಷಿಯಾಗಿ ಒಬ್ಬನು ನಿಂತಿದ್ದಾನೆ. ಪಟ್ಟಿ ಕಟ್ಟುವ ಹುಡುಗನ ಪಕ್ಕದಲ್ಲಿ ಇಂಥ ಷಿನ್ ಒಬ್ಬ ಕುಳಿತಿದ್ದರೆ ಅವನಿಗೆ ಆ ತಲೆಯೊಳಗೆ ಎಷ್ಟು ಹೆಣಗಳು ಕಂಡಾವು?

ದೋಷವೆಲ್ಲ ಮಕ್ಕಳದೇ ಎನ್ನುವುದು ಸುಲಭ. ಸ್ಥಾನ, ಶ್ರೇಣಿ, ಮೊದಲನೆಯವನು ಎಂಬ ಹುಚ್ಚು ಅವರಿಗೆ ಎಲ್ಲಿಂದ ಬಂದಿತು? ಬಸದಿಯ ದ್ವಾರದಲ್ಲಿ ದಾನಿಗಳ ಹೆಸರನ್ನು ಮೊತ್ತದ ಕ್ರಮದಲ್ಲಿ ಕೆತ್ತಿಸಿ, ದೊಡ್ಡ ಮೊತ್ತಕ್ಕೆ ದೊಡ್ಡ ಅಕ್ಷರ, ಸಣ್ಣ ಮೊತ್ತಕ್ಕೆ ಸಣ್ಣ ಅಕ್ಷರ ಕೊಟ್ಟವರು ಹಿರಿಯರು. ಅಭಿಷೇಕದ ಮೊದಲ ಕಲಶಕ್ಕೆ ಸವಾಲು ಕೂಗಿ, ಪೈಪೋಟಿಯಲ್ಲಿ ಸೋತವನ ಮುಖ ಬಾಡಿದ್ದನ್ನು ಕಂಡು ನಕ್ಕವರೂ ಹಿರಿಯರು. ಬಾಹುಬಲಿಯ ಪಾದದ ಬಳಿಯಲ್ಲಿಯೇ ಮೊದಲನೆಯವನು ಯಾರೆಂಬ ಜಗಳ ನಡೆಯುವಾಗ, ಅದನ್ನು ನೋಡುತ್ತ ಬೆಳೆದ ಮಗು ಕೊಲೆಗಾರರಿಗೂ ಕ್ರಮಾಂಕ ಕೊಟ್ಟರೆ ಆ ವಿದ್ಯೆಯ ಗುರು ಜಪಾನಿನಲ್ಲಿಯೇ ಇದ್ದಾನೆಂದು ಹೇಗೆ ನಂಬುವುದು? ಟ್ರಸ್ಟುಗಳ ಮುಂದಿನ ಸಭೆಯಲ್ಲಿ ಚಿತ್ರಕಥೆಗಳನ್ನು ನಿಷೇಧಿಸುವ ಠರಾವಿಗೆ ಮೊದಲು ಆ ಫಲಕದ ವಿಚಾರ ಚರ್ಚೆಗೆ ಬಂದರೆ ಮಕ್ಕಳೂ ಗಮನವಿಟ್ಟು ಕೇಳಿಯಾರು.

ನಿಷೇಧದ ಠರಾವು ಹೇಗೂ ನಡೆಯದು. ಪುಸ್ತಕ ಕಸಿದರೆ ಕೈಯಲ್ಲಿ ಫೋನು ಇದೆ. ಪಾಠಶಾಲೆಯ ಉಪಾಧ್ಯಾಯರು ಬೇರೊಂದು ಪ್ರಯೋಗ ಮಾಡಬಹುದು. ಒಂದು ಭಾನುವಾರ ದೊಡ್ಡ ಮಕ್ಕಳಿಗೆ ಆ ಕಥೆಯ ಒಂದೇ ಸಂಪುಟವನ್ನು ತರಹೇಳಿ, ಬಲದ ಪಟ್ಟಿಯ ಬದಲು ಬೇರೆ ಲೆಕ್ಕ ಬರೆಸಬೇಕು: ಸಕಾಮೊಟೋ ಕೊಲ್ಲಬಹುದಾಗಿದ್ದೂ ಕೊಲ್ಲದೆ ಬಿಟ್ಟ ಸಂದರ್ಭಗಳೆಷ್ಟು, ಪ್ರತಿಯೊಂದರಲ್ಲೂ ಅವನು ತೆತ್ತ ಬೆಲೆ ಏನು, ಹಾಗೆ ಬದುಕಿ ಉಳಿದವರಲ್ಲಿ ಮುಂದೆ ಯಾರು ಅವನ ಊಟದ ಮೇಜಿಗೆ ಬಂದು ಕುಳಿತರು. ಎಡಗಡೆ ಒಂದು ಸಾಲು, ಬಲಗಡೆ ಒಂದು ಸಾಲು. ಷಿನ್‌ನ ಹೆಸರು ಮೊದಲ ಪುಟದಲ್ಲಿಯೇ ಬರುತ್ತದೆ.